ಕಿಡ್ನಿ ಬಯಾಪ್ಸಿ ರಿಪೋರ್ಟ್ ರೋಗಿಗೆ ಹೊಂದದಿದ್ದಾಗ: ತಪ್ಪು ಎಲ್ಲಿದೆ ಎಂದು ಹುಡುಕುವ ದಾರಿ

ರೋಗಿಯ ಕಾಲು ಊದಿದೆ. ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತದೆ. ದಿನಕ್ಕೆ 6 ಗ್ರಾಂ ಪ್ರೋಟೀನ್ ಮೂತ್ರದಲ್ಲಿ ಹೋಗುತ್ತಿದೆ. ಇತ್ತ ಸ್ಲೈಡ್ ನೋಡಿದರೆ ಎಲ್ಲ ಸರಿಯಾಗೇ ಇದೆ. ಇಂಥ ದಿನ ಪೆಥಾಲಜಿಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಬರುತ್ತದೆ. ಆಗ ಸುಮ್ನೆ ಒಂದು ಹೆಸರು ಬರೆದು ಕಳಿಸಬೇಡಿ. ರೋಗಿಯ ಊತ ಸುಳ್ಳು ಹೇಳುವುದಿಲ್ಲ. ಸ್ಲೈಡ್ ನಮ್ಮ ಕಣ್ಣಿಗೆ ಬರುವ ಮೊದಲು ಹತ್ತು ಕೈ ದಾಟಿರುತ್ತದೆ. ಎಲ್ಲಿ ಏನು ಕೆಟ್ಟಿತು ಎಂದು ಹುಡುಕಬೇಕು.

ನಾನು ಬೆಳಗಾವಿಯಲ್ಲಿ ಕೂತು ಕಿಡ್ನಿ ಬಯಾಪ್ಸಿ ನೋಡುತ್ತೇನೆ. ತುಂಡುಗಳು ವಿಜಯಪುರ, ಇಂಡಿ, ಜಮಖಂಡಿ, ಮುಧೋಳ, ಗೋಕಾಕ ಕಡೆಯಿಂದ ಬರುತ್ತವೆ. ವಿಜಯಪುರದಿಂದ ಇಲ್ಲಿಗೆ ಸುಮಾರು 200 ಕಿಲೋಮೀಟರ್. ಏಪ್ರಿಲ್-ಮೇ ತಿಂಗಳಲ್ಲಿ ಆ ದಾರಿಯ ಬಿಸಿಲು ಹೇಗಿರುತ್ತದೆ ಎಂದು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಅಕ್ಕಿಕಾಳಿಗಿಂತ ಸಣ್ಣ ಅಗಲದ ತುಂಡೊಂದು ಬಸ್ಸಿನಲ್ಲಿ ಅಷ್ಟು ದೂರ ಬರುತ್ತದೆ. ಅದರ ಮೇಲೆ ಒಬ್ಬರ ಚಿಕಿತ್ಸೆ ನಿಂತಿರುತ್ತದೆ.

ನಾನು ಹುಡುಕುವ ಕ್ರಮ ಯಾವಾಗಲೂ ಒಂದೇ. ಮೊದಲು ಸೂಜಿ, ಆಮೇಲೆ ಬಾಟಲಿ, ಕಟಿಂಗ್, ಬಣ್ಣ. ಇವು ನಾಲ್ಕೂ ಸರಿ ಇದ್ದರೆ ಮಾತ್ರ ಸ್ಲೈಡಿನಲ್ಲಿ ಕಾಣುವ ನಮೂನೆಗೆ, ಅಂದರೆ ಪ್ಯಾಟರ್ನ್‌ಗೆ, ಕೈ ಹಾಕುತ್ತೇನೆ. ನಮೂನೆ ಸಿಕ್ಕಮೇಲೂ ಅದನ್ನೇ ರೋಗ ಅಂದುಕೊಳ್ಳುವುದಿಲ್ಲ. ಒಂದೇ ನಮೂನೆಯನ್ನು ನಾಲ್ಕು ರೋಗ ಬರೆಯಬಲ್ಲವು.

ತುಂಡಿನಲ್ಲಿ ಕಾರ್ಟೆಕ್ಸ್ ಬಂದಿದೆಯಾ?

ಕಿಡ್ನಿಯ ಹೊರಭಾಗ ಕಾರ್ಟೆಕ್ಸ್. ರಕ್ತ ಸೋಸುವ ಗೊಂಚಲುಗಳು, ಅಂದರೆ ಗ್ಲೊಮೆರುಲಸ್‌ಗಳು, ಇರುವುದು ಅಲ್ಲಿ. ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಇರುತ್ತವೆ. ಒಂದೊಂದೂ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಅಗಲ. ಒಳಭಾಗ ಮೆಡುಲ್ಲಾ, ಅಲ್ಲಿ ಗೊಂಚಲು ಇಲ್ಲ. ಸೂಜಿ ಸ್ವಲ್ಪ ಆಳಕ್ಕೆ ಹೋದರೆ ಬರೀ ಮೆಡುಲ್ಲಾ ಬರುತ್ತದೆ. ಅದನ್ನಿಟ್ಟುಕೊಂಡು ಗ್ಲೊಮೆರುಲಸ್ ರೋಗ ಇದೆ, ಇಲ್ಲ ಎಂದು ಹೇಳಲು ಬರುವುದಿಲ್ಲ.

ಇದನ್ನು ಬಯಾಪ್ಸಿ ತೆಗೆಯುವ ಕೋಣೆಯಲ್ಲೇ ಹಿಡಿಯಬಹುದು. ತುಂಡನ್ನು ಗಾಜಿನ ಸ್ಲೈಡ್ ಮೇಲೆ ಒಂದು ಹನಿ ಸಲೈನ್‌ನಲ್ಲಿ ಇಡಿ. ಸಾದಾ ಮೈಕ್ರೋಸ್ಕೋಪಿನ ಚಿಕ್ಕ ಲೆನ್ಸ್‌ನಲ್ಲಿ ನೋಡಿ. ಕಾರ್ಟೆಕ್ಸ್ ಇದ್ದರೆ ಕೆಂಪು ಚುಕ್ಕೆಗಳು ಕಾಣುತ್ತವೆ. ಮೆಡುಲ್ಲಾ ಗೆರೆಗೆರೆಯಾಗಿ ಕಾಣುತ್ತದೆ. ಎರಡು ನಿಮಿಷದ ಕೆಲಸ. ರೋಗಿ ಇನ್ನೂ ಮಂಚದ ಮೇಲೇ ಇರುತ್ತಾರೆ, ಬೇಕಾದರೆ ಇನ್ನೊಂದು ತುಂಡು ತೆಗೆಯಬಹುದು. ವಾರದ ನಂತರ "ಮಾದರಿ ಸಾಲದು" ಎಂದು ರಿಪೋರ್ಟ್ ಬಂದರೆ ಅವರು ಮತ್ತೆ ಊರಿಂದ ಬರಬೇಕು, ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕು.

ಎಷ್ಟು ಗೊಂಚಲು ಇದ್ದರೆ ಸಾಕು? ಅದು ರೋಗದ ಮೇಲೆ ಹೋಗುತ್ತದೆ. ಗೊಂಚಲಿನ ಪೊರೆ ಕೆಡುವ ಮೆಂಬ್ರೇನಸ್‌ನಂಥ ರೋಗ ಎಲ್ಲ ಗೊಂಚಲುಗಳಲ್ಲೂ ಇರುತ್ತದೆ, ಒಂದೇ ಸಿಕ್ಕರೂ ನಡೆಯುತ್ತದೆ. ಅಲ್ಲಲ್ಲಿ ಮಾತ್ರ ಇರುವ ರೋಗಕ್ಕೆ ಲೆಕ್ಕ ಬೇರೆ. 100ರಲ್ಲಿ 10 ಗೊಂಚಲಿಗೆ ಮಾತ್ರ ಗಾಯ ಆಗಿದೆ ಅಂದುಕೊಳ್ಳಿ. ತುಂಡಿನಲ್ಲಿ 10 ಗೊಂಚಲು ಬಂದರೆ ಗಾಯ ಆದದ್ದು ಒಂದೂ ಸಿಗದೇ ಇರುವ ಸಾಧ್ಯತೆ ಶೇಕಡಾ 35. 20 ಬಂದರೆ ಅದು ಶೇಕಡಾ 12ಕ್ಕೆ ಇಳಿಯುತ್ತದೆ. ಹೀಗಾಗಿ ರಿಪೋರ್ಟಿನಲ್ಲಿ ಗೊಂಚಲಿನ ಸಂಖ್ಯೆ ಬರೆಯಲೇಬೇಕು. ಆ ಸಂಖ್ಯೆ ಇಲ್ಲದ "ನಾರ್ಮಲ್" ಎಂಬ ಮಾತಿಗೆ ತೂಕ ಇಲ್ಲ.

ಐಎಫ್ ಎಲ್ಲ ನೆಗೆಟಿವ್ ಬಂದಿದೆ

ಕಿಡ್ನಿ ತುಂಡನ್ನು ಮೂರು ಪಾಲು ಮಾಡುತ್ತೇವೆ. ಸಾದಾ ಮೈಕ್ರೋಸ್ಕೋಪಿಗೆ ಫಾರ್ಮಲಿನ್. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಗ್ಲುಟರಾಲ್ಡಿಹೈಡ್. ಇಮ್ಯುನೊಫ್ಲೋರೆಸೆನ್ಸ್‌ಗೆ, ನಾವು ಐಎಫ್ ಅನ್ನುತ್ತೇವೆ, ಮಿಷೆಲ್ ದ್ರಾವಣ. ಐಎಫ್‌ನಲ್ಲಿ ಐಜಿಜಿ, ಐಜಿಎ, ಐಜಿಎಂ, ಸಿ3, ಸಿ1ಕ್ಯೂ, ಕಪ್ಪಾ, ಲ್ಯಾಂಬ್ಡಾ ಎಂಬ ರೋಗನಿರೋಧಕ ಪ್ರೋಟೀನುಗಳು ಎಲ್ಲಿ ಕೂತಿವೆ ಎಂದು ಹಸಿರು ಬೆಳಕಿನಲ್ಲಿ ಕಾಣುತ್ತದೆ. ಎಲ್ಲವೂ ನೆಗೆಟಿವ್ ಎಂದರೆ ಎರಡೇ ಅರ್ಥ. ರೋಗವೇ ಅಂಥದ್ದು, ಇಲ್ಲವೇ ತುಂಡು ಕೆಟ್ಟಿದೆ.

ಕೆಲವು ವರ್ಷದ ಹಿಂದಿನ ಮಾತು. ಮುಧೋಳ ಕಡೆಯ ಹೆಣ್ಣುಮಗಳೊಬ್ಬಳ ತುಂಡು ಬಂದಿತ್ತು. ಮೈಯೆಲ್ಲ ಊತ. ಐಎಫ್ ನೋಡಿದರೆ ಪೂರ್ತಿ ಕತ್ತಲು. ನಾನು ಮಿನಿಮಲ್ ಚೇಂಜ್, ಅಂದರೆ ಸ್ಲೈಡಿನಲ್ಲಿ ಏನೂ ಕಾಣದ ಕಿಡ್ನಿ ರೋಗ, ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನಮ್ಮ ಟೆಕ್ನಿಷಿಯನ್ ಹುಡುಗ ಬಂದ.

"ಮೇಡಂ, ಐಎಫ್ ಬಾಟ್ಲಿ ಮುಚ್ಚಳ ತಗದ್ಯಾ ಕಣ್ಣು ಉರದ್ವು ನೋಡ್ರಿ. ಇದ್ರಾಗ ಫಾರ್ಮಲಿನ್ ಐತ್ರಿ."

"ಚೀಟಿ ಮ್ಯಾಲ ಏನ್ ಬರದಾರ ತಮ್ಮಾ?"

"ಮಿಷೆಲ್ ಅಂತ ಬರದಾರ್ರಿ. ಒಳಗಿಂದ ಬ್ಯಾರೇನ."

ಫಾರ್ಮಲಿನ್ ತಾಗಿದರೆ ಪ್ರೋಟೀನುಗಳು ಒಂದಕ್ಕೊಂದು ಗಟ್ಟಿಯಾಗಿ ಹೆಣೆದುಕೊಳ್ಳುತ್ತವೆ. ಆಮೇಲೆ ಆಂಟಿಬಾಡಿ ಒಳಗೆ ಹೋಗಿ ಅಂಟಿಕೊಳ್ಳಲು ಜಾಗ ಸಿಗುವುದಿಲ್ಲ. ಅಲ್ಲಿ ಐಜಿಜಿ ಇದ್ದೇ ಇತ್ತು, ನಮಗೆ ಕಾಣದಂತೆ ಮುಚ್ಚಿಹೋಗಿತ್ತು. ಸಿಲ್ವರ್ ಎಂಬ ಬಣ್ಣ ಹಾಕಿದ ಸ್ಲೈಡನ್ನು 100ರ ಲೆನ್ಸ್‌ನಲ್ಲಿ ಎಣ್ಣೆ ಹಾಕಿ ಮತ್ತೆ ನೋಡಿದೆ. ಪೊರೆಯ ಹೊರಗೆ ಕಪ್ಪು ಮುಳ್ಳುಗಳು, ಬಾಚಣಿಗೆಯ ಹಲ್ಲಿನಂತೆ. ಮೆಂಬ್ರೇನಸ್ ರೋಗದ ಗುರುತು. ಮೊದಲ ಸಲ ನೋಡಿದಾಗ ನಾನು ಚಿಕ್ಕ ಲೆನ್ಸ್‌ನಲ್ಲೇ ಮುಗಿಸಿದ್ದೆ.

ಇಂಥಲ್ಲಿ ಮಾಡಬೇಕಾದ್ದು ಹೀಗೆ. ತುಂಡನ್ನು ಮೇಣದಲ್ಲಿ ಕೂರಿಸಿದ ಪ್ಯಾರಾಫಿನ್ ಬ್ಲಾಕಿನಿಂದ ತೆಳು ಸೆಕ್ಷನ್ ತೆಗೆದು ಪ್ರೊನೇಸ್ ಎಂಬ ಎನ್‌ಜೈಮ್ ಹಾಕಿ ಐಎಫ್ ಮಾಡಿ. ಹೆಣೆದುಕೊಂಡದ್ದು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಅವಳದರಲ್ಲಿ ಪೊರೆಯ ಉದ್ದಕ್ಕೂ ಐಜಿಜಿ ಕಾಳುಕಾಳಾಗಿ ಹೊಳೆಯಿತು. ಗೊಂಚಲಿನ ಜೀವಕೋಶದ ಮೇಲಿರುವ ಪಿಎಲ್‌ಎ2ಆರ್ ಎಂಬ ಪ್ರೋಟೀನಿನ ಬಣ್ಣವೂ ಪಾಸಿಟಿವ್ ಬಂತು. ಪಿಎಲ್‌ಎ2ಆರ್ ವಿರುದ್ಧದ ಆಂಟಿಬಾಡಿ ಬೆಳಕಿಗೆ ಬಂದದ್ದು 2009ರಲ್ಲಿ. ಬೇರೆ ಕಾರಣವಿಲ್ಲದೆ ಬರುವ ಮೆಂಬ್ರೇನಸ್ ರೋಗಿಗಳಲ್ಲಿ ಸುಮಾರು ಶೇಕಡಾ 70 ಜನರಲ್ಲಿ ಅದು ಸಿಗುತ್ತದೆ, ರಕ್ತದಲ್ಲೂ ನೋಡಬಹುದು. ಒಂದು ಎಚ್ಚರ: ಪ್ರೊನೇಸ್ ದಾರಿಯಲ್ಲಿ ಸಿ3 ಸರಿಯಾಗಿ ಕಾಣದೇ ಹೋಗಬಹುದು. ಗೆರೆಯಂತೆ ಕೂರುವ ಐಜಿಜಿಯೂ ತಪ್ಪಿಹೋಗಬಹುದು. ಪಾಸಿಟಿವ್ ಬಂದರೆ ನಂಬಿ, ನೆಗೆಟಿವ್ ಬಂದರೆ ಪೂರ್ತಿ ನಂಬಬೇಡಿ.

ಅಂದಿನಿಂದ ನಾವು ತುಂಡು ಕಳಿಸುವವರಿಗೆ ಬೇರೆಬೇರೆ ಬಣ್ಣದ ಮುಚ್ಚಳದ ಬಾಟಲಿ ಕೊಡುತ್ತೇವೆ. ಚಿಮಟಿಗೆಯ ಕ್ರಮವನ್ನೂ ಹೇಳಿಕೊಡುತ್ತೇವೆ. ಮೊದಲು ಮಿಷೆಲ್, ಕೊನೆಗೆ ಫಾರ್ಮಲಿನ್. ತಿರುಗುಮುರುಗಾದರೆ ಚಿಮಟಿಗೆಯ ತುದಿಗೆ ಅಂಟಿದ ಫಾರ್ಮಲಿನ್ ಮಿಷೆಲ್ ಬಾಟಲಿಗೂ ಹೋಗುತ್ತದೆ. ಹಲ್ಲಿರುವ ಚಿಮಟಿಗೆ ಬೇಡವೇ ಬೇಡ, ತುಂಡು ಜಜ್ಜಿಹೋಗುತ್ತದೆ. ಒಣ ಗಾಜ್ ಬಟ್ಟೆಯ ಮೇಲೆ ಇಡಬೇಡಿ. ಸಾದಾ ನೀರಿಗಂತೂ ಹಾಕಲೇಬೇಡಿ, ಜೀವಕೋಶ ಉಬ್ಬಿ ಒಡೆಯುತ್ತದೆ.

ಇನ್ನೊಂದು ಉಲ್ಟಾ ತಪ್ಪು ಇದೆ. ಐಎಫ್‌ನಲ್ಲಿ ಏನೋ ಹೊಳೆಯಿತು ಎಂದು ಹೆಸರು ಕೊಟ್ಟುಬಿಡುವುದು. ಸತ್ತು ಗಟ್ಟಿಯಾದ ಗೊಂಚಲಿನಲ್ಲಿ ಐಜಿಎಂ ಮತ್ತು ಸಿ3 ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತವೆ. ಅದು ರೋಗ ಅಲ್ಲ, ಕಸ.

ಸ್ಲೈಡ್ ಚೆನ್ನಾಗಿದೆ, ಪ್ರೋಟೀನ್ ಮಾತ್ರ ಹೋಗುತ್ತಲೇ ಇದೆ

ಮೇಲಿನ ತಪ್ಪುಗಳು ಯಾವುವೂ ಇಲ್ಲ, ಆದರೂ ಸ್ಲೈಡ್ ನಾರ್ಮಲ್. ಆಗ ನಾಲ್ಕು ಹೆಸರು ತಲೆಯಲ್ಲಿರಲಿ.

ಮಿನಿಮಲ್ ಚೇಂಜ್‌ನಲ್ಲಿ ಸಾದಾ ಮೈಕ್ರೋಸ್ಕೋಪಿಗೆ ಏನೂ ಕಾಣುವುದಿಲ್ಲ, ಐಎಫ್ ಕೂಡ ಖಾಲಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಮಾತ್ರ ಪೊಡೊಸೈಟ್‌ಗಳ, ಅಂದರೆ ಗೊಂಚಲಿನ ಪೊರೆಯನ್ನು ಹೊರಗಿನಿಂದ ಹೊದ್ದಿರುವ ಜೀವಕೋಶಗಳ, ಪಾದಗಳು ಚಪ್ಪಟೆಯಾಗಿ ಒಂದಾಗಿರುವುದು ಕಾಣುತ್ತದೆ. ಮಕ್ಕಳಲ್ಲಿ ಜಾಸ್ತಿ. ಎರಡನೆಯದು ಎಫ್‌ಎಸ್‌ಜಿಎಸ್, ಅಂದರೆ ಕೆಲವು ಗೊಂಚಲುಗಳ ಒಂದೊಂದು ಭಾಗ ಮಾತ್ರ ಗಟ್ಟಿಯಾಗುವ ರೋಗ. ಇದು ಕಾರ್ಟೆಕ್ಸ್ ಮತ್ತು ಮೆಡುಲ್ಲಾ ಸೇರುವ ಜಾಗದ ಗೊಂಚಲುಗಳಲ್ಲಿ ಮೊದಲು ಶುರುವಾಗುತ್ತದೆ. ಮೇಲ್ಮೈ ಮಾತ್ರ ಸಿಕ್ಕ ತುಂಡಿನಲ್ಲಿ ತಪ್ಪಿಸಿಕೊಳ್ಳುತ್ತದೆ. ಬ್ಲಾಕನ್ನು ಇನ್ನೂ ಆಳಕ್ಕೆ ಕಟ್ ಮಾಡಿಸಿ. ಗೊಂಚಲುಗಳು ನಾರ್ಮಲ್, ಆದರೆ ಮೂತ್ರ ಸಾಗಿಸುವ ನಳಿಕೆಗಳು ಒಂದು ಜಾಗದಲ್ಲಿ ಗುಂಪಾಗಿ ಸೊರಗಿವೆ ಎಂದರೆ ಎಫ್‌ಎಸ್‌ಜಿಎಸ್ ಎಲ್ಲೋ ಅಡಗಿದೆ ಎಂದೇ ನಾನು ಹುಡುಕುತ್ತೇನೆ. ಮೂರನೆಯದು ಹೊಸದಾಗಿ ಶುರುವಾದ ಮೆಂಬ್ರೇನಸ್. ಮುಳ್ಳುಗಳು ಇನ್ನೂ ಮೂಡಿರುವುದಿಲ್ಲ, ಐಎಫ್ ಒಂದೇ ಹೇಳಬೇಕು.

ನಾಲ್ಕನೆಯದು ಅಮೈಲಾಯ್ಡ್, ಅಂದರೆ ಕೆಟ್ಟ ಪ್ರೋಟೀನ್ ಜಮೆಯಾಗುವುದು. ಇದೇ ಜಾಸ್ತಿ ಮೋಸ ಮಾಡುವುದು. ಆರಂಭದಲ್ಲಿ ತುಸು ತಿಳಿ ಗುಲಾಬಿ ಬಣ್ಣ, ಅಷ್ಟೇ. ಅದನ್ನು ಹಿಡಿಯುವ ಕಾಂಗೋ ರೆಡ್ ಬಣ್ಣ ಹಾಕಿದರೂ ನೆಗೆಟಿವ್ ಬಂದರೆ ಸೆಕ್ಷನ್ ಎಷ್ಟು ದಪ್ಪ ಎಂದು ಕೇಳಿ. ಕಿಡ್ನಿಗೆ ನಾವು 2-3 ಮೈಕ್ರಾನ್ ತೆಗೆಯುತ್ತೇವೆ. ಕಾಂಗೋ ರೆಡ್‌ಗೆ ಅದು ಸಾಲದು, 8-10 ಮೈಕ್ರಾನ್ ಬೇಕು. ಜೊತೆಗೆ ಗೊತ್ತಿರುವ ಅಮೈಲಾಯ್ಡ್ ಸ್ಲೈಡೊಂದನ್ನು ಕಂಟ್ರೋಲ್ ಆಗಿ ಹಾಕಿ. ಪೋಲರೈಸರ್ ತಿರುಗಿಸಿದಾಗ ಹಸಿರು ಸೇಬಿನ ಬಣ್ಣ ಬರಬೇಕು. ನಮ್ಮ ಕಡೆ ಕ್ಷಯ ಇನ್ನೂ ಇದೆ. ವರ್ಷಗಟ್ಟಲೆ ಕ್ಷಯ, ಎಲುಬಿನ ಕೀವು, ಸಂಧಿವಾತ ಇದ್ದವರಲ್ಲಿ ಎಎ ಎಂಬ ಜಾತಿಯ ಅಮೈಲಾಯ್ಡ್ ಬರುತ್ತದೆ. ಬೋನ್ ಮ್ಯಾರೋ ಕಾಯಿಲೆಯಿಂದ ಬರುವುದು ಎಎಲ್. ಚಿಕಿತ್ಸೆ ಪೂರ್ತಿ ಬೇರೆ. ಬರೀ "ಅಮೈಲಾಯ್ಡ್" ಎಂದು ಬರೆದು ನಿಲ್ಲಿಸಬಾರದು.

ಎಲ್ಲ ಗೊಂಚಲಿನಲ್ಲೂ ಜೀವಕೋಶ ಜಾಸ್ತಿ ಕಾಣುತ್ತಿವೆ

ಸೆಕ್ಷನ್ ಕೊಯ್ಯುವ ಯಂತ್ರ ಮೈಕ್ರೊಟೋಮ್ ನೋಡಿ. 5 ಮೈಕ್ರಾನ್ ಕಟ್ ಆಗಿದ್ದರೆ ಒಂದರ ಮೇಲೊಂದು ಜೀವಕೋಶ ಕೂತು ಗುಂಪು ಕಟ್ಟಿದಂತೆ ಕಾಣುತ್ತದೆ. 2-3 ಮೈಕ್ರಾನಿಗೆ ಮತ್ತೆ ಕಟ್ ಮಾಡಿ ಎಣಿಸಿ. ಆಮೇಲೂ ಜಾಸ್ತಿ ಇದ್ದರೆ ನಿಜ.

ಗೊಂಚಲಿನಲ್ಲಿ ಗಂಟುಗಳು, ಆದರೆ ಸಕ್ಕರೆ ಕಾಯಿಲೆ ಇಲ್ಲ

ಗಂಟು ಕಂಡರೆ ಡಯಾಬಿಟಿಸ್ ಎನ್ನುವುದು ನಮ್ಮೆಲ್ಲರಿಗೂ ರೂಢಿ. ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ 1936ರಲ್ಲಿ ಬರೆದ ಗಂಟು ಅದು. ಫಾರ್ಮಿನಲ್ಲಿ "ಶುಗರ್ ಇಲ್ಲ" ಎಂದಿದ್ದರೆ ಮೊದಲು ಅದು ನಿಜವೇ ಎಂದು ಕೇಳಿ. ಸಕ್ಕರೆ ಕಾಯಿಲೆ ಹಿಡಿಯುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿಯೇ ಇರುವುದಿಲ್ಲ ಎಷ್ಟೋ ಜನ. ಮಾಡಿಸಿದ್ದು ನಾರ್ಮಲ್ ಇದ್ದರೆ ಬಣ್ಣಗಳನ್ನು ಪಕ್ಕಪಕ್ಕ ಇಡಿ.

ಸಕ್ಕರೆ ಕಾಯಿಲೆಯ ಗಂಟು ಪಿಎಎಸ್ ಎಂಬ ಬಣ್ಣದಲ್ಲಿ ಗಾಢ ಕೆಂಪು, ಸಿಲ್ವರ್‌ನಲ್ಲಿ ಕಪ್ಪು. ಅಮೈಲಾಯ್ಡ್ ಎರಡರಲ್ಲೂ ಮಂಕು. ಲೈಟ್ ಚೇನ್, ಅಂದರೆ ಆಂಟಿಬಾಡಿಯ ಚೂರು (ಕಪ್ಪಾ ಅಥವಾ ಲ್ಯಾಂಬ್ಡಾ), ಕೂತ ಗಂಟು ಪಿಎಎಸ್‌ನಲ್ಲಿ ಕೆಂಪು, ಸಿಲ್ವರ್‌ನಲ್ಲಿ ಮಂಕು. ಐಎಫ್‌ನಲ್ಲಿ ಕಪ್ಪಾ ಒಂದೇ ಹೊಳೆದು ಲ್ಯಾಂಬ್ಡಾ ಕತ್ತಲಾಗಿದ್ದರೆ ಇನ್ನೂ ಗಟ್ಟಿ. ಇವರಿಗೆ ಮಯೆಲೋಮಾ ಎಂಬ ಬೋನ್ ಮ್ಯಾರೋ ಕ್ಯಾನ್ಸರ್ ಇರಬಹುದು, ಅದೇ ದಿನ ಫೋನ್ ಮಾಡಿ. ವರ್ಷಗಟ್ಟಲೆ ಬೀಡಿ-ಸಿಗರೇಟು ಸೇದಿದವರಲ್ಲಿ, ಬಿಪಿ ಹಳೆಯದಾಗಿರುವವರಲ್ಲಿ ಶುಗರ್ ಇಲ್ಲದೆಯೂ ಇಂಥ ಗಂಟು ಬರುತ್ತದೆ. ಆದರೆ ಆ ಹೆಸರು ಕೊನೆಗೆ, ಉಳಿದವೆಲ್ಲ ಇಲ್ಲ ಎಂದು ಖಾತ್ರಿಯಾದ ಮೇಲೆ.

ಅರ್ಧಚಂದ್ರ ಕಂಡಿದೆ

ಇದು ಕಾಯುವ ಕೇಸ್ ಅಲ್ಲ. ಗೊಂಚಲಿನ ಸುತ್ತಲಿನ ಚೀಲದಲ್ಲಿ ಜೀವಕೋಶ ತುಂಬಿ ಅರ್ಧಚಂದ್ರದ ಆಕಾರ ಮೂಡಿದರೆ ಕಿಡ್ನಿ ದಿನದಿಂದ ದಿನಕ್ಕೆ ಹೋಗುತ್ತಿದೆ ಎಂದರ್ಥ. ಟೈಪ್ ಆಗುವವರೆಗೆ ಕಾಯದೆ ಫೋನ್ ಮಾಡಬೇಕು. ಕಾರಣ ತಿಳಿಯಲು ಐಎಫ್ ನೋಡಿ. ಐಜಿಜಿ ಗೆರೆ ಎಳೆದಂತೆ ಇದ್ದರೆ ಪೊರೆಯ ವಿರುದ್ಧದ ಆಂಟಿಬಾಡಿ. ಕಾಳುಕಾಳಾಗಿದ್ದರೆ ಲೂಪಸ್, ಐಜಿಎ, ಸೋಂಕಿನ ನಂತರದ್ದು ಇತ್ಯಾದಿ. ಏನೂ ಇಲ್ಲದಿದ್ದರೆ ರಕ್ತದಲ್ಲಿ ಎಎನ್‌ಸಿಎ ಎಂಬ ಆಂಟಿಬಾಡಿಯ ಪರೀಕ್ಷೆ.

ಇಲ್ಲಿಯೂ ಒಂದು ಗುಂಡಿ ಇದೆ. ಸಕ್ಕರೆ ಕಾಯಿಲೆಯಲ್ಲೂ ಐಜಿಜಿ ಗೆರೆಯಾಗಿಯೇ ಹೊಳೆಯುತ್ತದೆ. ಅಲ್ಬುಮಿನ್ ಬಣ್ಣವನ್ನೂ ಹಾಕಿ. ಅದೂ ಅಷ್ಟೇ ಜೋರಾಗಿ ಗೆರೆಯಂತೆ ಹೊಳೆದರೆ ಸುಮ್ನೆ ಅಂಟಿಕೊಂಡದ್ದು. ರಕ್ತದ ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳಿ.

ನಳಿಕೆಗಳು ಸತ್ತಂತೆ ಕಾಣುತ್ತಿವೆ

ಬೇಸಿಗೆಯಲ್ಲಿ ನನಗೆ ಅತಿ ಹೆಚ್ಚು ತಲೆನೋವು ಕೊಡುವುದು ಇದೇ. ನಳಿಕೆಯ ಜೀವಕೋಶಗಳು ಉದುರಿವೆ, ನ್ಯೂಕ್ಲಿಯಸ್ ಮಾಸಿದೆ. ಇದು ರೋಗಿಯ ದೇಹದೊಳಗೇ ಸತ್ತದ್ದೋ, ಬಸ್ಸಿನಲ್ಲಿ ಕೊಳೆತದ್ದೋ?

ಕೊಳೆತದ್ದಾದರೆ ಎಲ್ಲ ನಳಿಕೆಗಳೂ ಒಂದೇ ತರ ಮಾಸಿರುತ್ತವೆ, ಗೊಂಚಲುಗಳು ಮಾತ್ರ ತಕ್ಕಮಟ್ಟಿಗೆ ಉಳಿದಿರುತ್ತವೆ. ನಡುವಿನ ಜಾಗದಲ್ಲಿ ಊತ ಇಲ್ಲ, ಹೊಸ ಜೀವಕೋಶ ಹುಟ್ಟುವ ಗುರುತಿಲ್ಲ. ದೇಹದೊಳಗೆ ಸತ್ತದ್ದಾದರೆ ಕೆಲವು ನಳಿಕೆ ಚಪ್ಪಟೆ, ಕೆಲವು ಅಗಲ, ನಡುವೆ ಊತ. ಅಲ್ಲಲ್ಲಿ ಜೀವಕೋಶ ಒಡೆದು ಎರಡಾಗುತ್ತಿರುತ್ತದೆ, ಕಿಡ್ನಿ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿರುತ್ತದೆ.

ಮೂರನೆಯದೊಂದು ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಮೂರೂ ಜಿಲ್ಲೆಯಲ್ಲಿ ಕಬ್ಬಿನ ಗದ್ದೆಗಳಿವೆ, ಕಬ್ಬು ಕಡಿಯುವಾಗ ಕೊಳಕುಮಂಡಲ ಕಚ್ಚುತ್ತದೆ. ಅದರ ವಿಷ ರಕ್ತವನ್ನು ನಾಳದೊಳಗೇ ಹೆಪ್ಪುಗಟ್ಟಿಸುತ್ತದೆ. ಬಹಳ ಜನರಲ್ಲಿ ನಳಿಕೆಗಳಷ್ಟೇ ಸಾಯುತ್ತವೆ, ಡಯಾಲಿಸಿಸ್ ಕೊಟ್ಟರೆ ವಾರಗಳಲ್ಲಿ ಕಿಡ್ನಿ ತಿರುಗಿ ಬರುತ್ತದೆ. ಕೆಲವರಲ್ಲಿ ಕಾರ್ಟೆಕ್ಸೇ ಸಾಯುತ್ತದೆ. ಆಗ ಗೊಂಚಲು, ನಳಿಕೆ ಎರಡೂ ನೆರಳಿನಂತೆ ಕಾಣುತ್ತವೆ. ಆಕಾರ ಇದೆ, ನ್ಯೂಕ್ಲಿಯಸ್ ಇಲ್ಲ. ನಾಳದಲ್ಲಿ ಹೆಪ್ಪು ಇರುತ್ತದೆ, ಸತ್ತ ಜಾಗದ ಅಂಚಿನಲ್ಲಿ ಉರಿಯೂತದ ಸಾಲು ಇರುತ್ತದೆ. ಕೊಳೆತ ತುಂಡಿನಲ್ಲಿ ಈ ಅಂಚು ಇರಲು ಸಾಧ್ಯವೇ ಇಲ್ಲ. ನಾನು ಮೊದಲು ಹುಡುಕುವುದು ಆ ಅಂಚನ್ನೇ. ಈ ಸಾವು ತೇಪೆತೇಪೆಯಾಗಿ ಇರುವುದರಿಂದ ತುಂಡಿನಲ್ಲಿ ಸಿಗದಿದ್ದರೂ ಇಲ್ಲ ಎನ್ನಬೇಡಿ, ಸಿಟಿ ಸ್ಕ್ಯಾನ್ ಜೊತೆ ಹೊಂದಿಸಿ ನೋಡಿ.

ನಳಿಕೆಗಳ ಒಳಗೆ ಕಂದು ಬಣ್ಣದ ಕಾಳುಕಾಳಾದ ಬಿರಟೆಗಳಿದ್ದರೆ ಮಯೋಗ್ಲೋಬಿನ್ ಬಣ್ಣ ಹಾಕಿಸಿ. ಕೂದಲಿಗೆ ಹಚ್ಚುವ ಡೈ ಕುಡಿದವರಲ್ಲಿ ಸ್ನಾಯು ಕರಗಿ ಹೀಗಾಗುತ್ತದೆ. ಹರಳುಗಳಿದ್ದರೆ ಪೋಲರೈಸರ್ ಹಾಕಿ, ಆಕ್ಸಲೇಟ್ ಆದರೆ ಮಿನುಗುತ್ತದೆ. ಅಲರ್ಜಿಯಲ್ಲಿ ಏರುವ ಬಿಳಿ ರಕ್ತಕಣ ಈಯೊಸಿನೊಫಿಲ್ ತುಂಬಿದ್ದರೆ ಏನು ಮಾತ್ರೆ ನುಂಗಿದ್ದಾರೆ ಎಂದು ಕೇಳಿ. ಮೊಣಕಾಲು ನೋವಿಗೆ ಅಂಗಡಿಯಿಂದ ತಂದ ಗುಳಿಗೆಯನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡೆರಡು ಸಲ ಕೇಳಬೇಕು.

ಗಡ್ಡೆ ಎಂದು ಬಂದದ್ದು ಗಡ್ಡೆಯೇ?

ಗೋಕಾಕ ಹತ್ತಿರದ ಹಳ್ಳಿಯ ಐವತ್ತು ದಾಟಿದ ತಾಯಿ. ಎಡ ಪಕ್ಕೆ ನೋವು, ಬಿಟ್ಟುಬಿಟ್ಟು ಜ್ವರ, ತೂಕ ಇಳಿದಿತ್ತು. ಸ್ಕ್ಯಾನ್‌ನಲ್ಲಿ ದೊಡ್ಡ ಗಡ್ಡೆ. ಹೊರಗಿನ ಲ್ಯಾಬೊಂದರ ಸೂಜಿ ರಿಪೋರ್ಟಿನಲ್ಲಿ ಕ್ಲಿಯರ್ ಸೆಲ್ ಕ್ಯಾನ್ಸರ್ ಎಂದಿತ್ತು. ಮಗ ಸ್ಲೈಡ್ ಹಿಡಿದು ನನ್ನ ಹತ್ತಿರ ಬಂದಿದ್ದ.

"ಅಕ್ಕಾರ, ನಮ್ಮವ್ವಗ ಇನ್ನೂ ಹೇಳಿಲ್ಲರಿ. ನೀವು ಒಮ್ಮೆ ನೋಡಿ ಹೇಳ್ರಿ."

ಜೀವಕೋಶಗಳು ಬೆಳ್ಳಗೇ ಇದ್ದವು. ಆದರೆ ಆ ಬಿಳಿ ಸರಿ ಇರಲಿಲ್ಲ. ಕ್ಲಿಯರ್ ಸೆಲ್ ಕ್ಯಾನ್ಸರ್‌ನಲ್ಲಿ ಒಳಗೆ ಪೂರ್ತಿ ಖಾಲಿ, ಅಂಚು ಪೆನ್ಸಿಲಿನಿಂದ ಎಳೆದಂತೆ ಸ್ಪಷ್ಟ. ಸುತ್ತ ಸಣ್ಣ ರಕ್ತನಾಳಗಳ ಬಲೆ ಇರುತ್ತದೆ. ಇಲ್ಲಿ ಒಳಗೆ ಸೋಪಿನ ನೊರೆಯಂತೆ ಸಣ್ಣಸಣ್ಣ ಗುಳ್ಳೆ, ಅಂಚು ಅಸ್ಪಷ್ಟ. ಬಲೆಯೂ ಇಲ್ಲ. ಅಕ್ಕಪಕ್ಕ ಪ್ಲಾಸ್ಮಾ ಸೆಲ್‌ಗಳು, ಒಂದೆರಡು ದೈತ್ಯ ಜೀವಕೋಶ. ಬ್ಲಾಕ್ ತರಿಸಿ ಎರಡೇ ಮಾರ್ಕರ್, ಅಂದರೆ ಜೀವಕೋಶದ ಜಾತಿ ಹೇಳುವ ಬಣ್ಣ, ಹಾಕಿಸಿದೆ. ಪ್ಯಾಕ್ಸ್8 ಕಿಡ್ನಿಯ ಜೀವಕೋಶದ ಗುರುತು, ನೊರೆ ಜೀವಕೋಶಗಳಲ್ಲಿ ಬರಲಿಲ್ಲ. ಸಿಡಿ68 ಕಸ ನುಂಗುವ ಮ್ಯಾಕ್ರೊಫೇಜ್ ಜೀವಕೋಶದ ಗುರುತು, ತುಂಬ ಬಂತು. ವೈಮೆಂಟಿನ್ ಎಂಬ ಮಾರ್ಕರ್ ಕ್ಯಾನ್ಸರ್, ಮ್ಯಾಕ್ರೊಫೇಜ್ ಎರಡರಲ್ಲೂ ಪಾಸಿಟಿವ್ ಬರುತ್ತದೆ, ಅದನ್ನು ಹಾಕಿ ಉಪಯೋಗವಿಲ್ಲ. ಸ್ಕ್ಯಾನ್ ಮತ್ತೆ ತೆರೆದು ನೋಡಿದೆವು. ಗಡ್ಡೆಯ ನಡುವೆ ಕೊಂಬುಕೊಂಬಿನ ದೊಡ್ಡ ಕಲ್ಲು.

ಅದು ಜಾಂಥೊಗ್ರ್ಯಾನುಲೊಮ್ಯಾಟಸ್ ಪೈಲೊನೆಫ್ರೈಟಿಸ್. ಕಲ್ಲು ಅಡ್ಡವಾಗಿ, ಸೋಂಕು ಹಳೆಯದಾಗಿ, ಕಿಡ್ನಿ ಗಡ್ಡೆಯಂತೆ ಊದುವುದು. ನಮ್ಮ ಬಿಸಿಲಿನ ನಾಡಿನಲ್ಲಿ ಕಲ್ಲಿಗೆ ಬರವಿಲ್ಲ. ಕೆಲಸ ಮಾಡದ ಆ ಕಿಡ್ನಿಯನ್ನು ತೆಗೆಯಲೇಬೇಕಾಯಿತು, ತೆಗೆದ ಕಿಡ್ನಿಯಲ್ಲೂ ಎಲ್ಲಿಯೂ ಕ್ಯಾನ್ಸರ್ ಸಿಗಲಿಲ್ಲ. ಮಗ ತಾಯಿಗೆ ಹೇಳಬೇಕಾದ ಮಾತು ಬದಲಾಯಿತು. ಆದರೆ ಇವೆರಡೂ ಒಂದೇ ಕಿಡ್ನಿಯಲ್ಲಿ ಒಟ್ಟಿಗೆ ಇರುವುದೂ ಉಂಟು, ಹೀಗಾಗಿ ತೆಗೆದ ಕಿಡ್ನಿಯಿಂದ ತುಂಡು ಧಾರಾಳವಾಗಿ ತೆಗೆಯಿರಿ.

ತೆಗೆದ ಕಿಡ್ನಿಯನ್ನು ಇಡಿಯಾಗಿ ಡಬ್ಬಿಗೆ ಹಾಕಬೇಡಿ. ಫಾರ್ಮಲಿನ್ ಒಳಗೆ ಇಳಿಯುವುದು ತೀರಾ ನಿಧಾನ, ಹೊರಗೆ ಗಟ್ಟಿಯಾಗುವ ಹೊತ್ತಿಗೆ ಒಳಗೆ ಕೊಳೆತಿರುತ್ತದೆ. ಉದ್ದಕ್ಕೆ ಎರಡು ಹೋಳು ಮಾಡಿ. ತುಂಡಿನ ಹತ್ತು ಪಟ್ಟಾದರೂ ಫಾರ್ಮಲಿನ್ ಇರಲಿ. ಹೋಳು ಮಾಡಿದ ಕೂಡಲೇ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಫಾರ್ಮಲಿನ್‌ನಲ್ಲಿ ಬಣ್ಣ ಹೋಗುತ್ತದೆ, ಆ ಬಣ್ಣದಲ್ಲೇ ಅರ್ಧ ಉತ್ತರ ಇರುತ್ತದೆ. ಕ್ಲಿಯರ್ ಸೆಲ್ ಬಂಗಾರದ ಹಳದಿ. ಆಂಕೊಸೈಟೋಮಾ ಎಂಬ ಗಡ್ಡೆ ಕಡು ಕಂದು, ಎಷ್ಟೋ ಸಲ ನಡುವೆ ಬಿಳಿ ಗಾಯದ ಗುರುತು. ಕ್ರೋಮೋಫೋಬ್ ಎಂಬುದು ತಿಳಿ ಕಂದು.

ಗುಲಾಬಿ ಜೀವಕೋಶದ ಗಡ್ಡೆ

ಕಿಡ್ನಿ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಕ್ಲಿಯರ್ ಸೆಲ್. ಅದನ್ನು ಹೆಚ್ಚಿನವರು ಸರಿಯಾಗೇ ಹೇಳುತ್ತಾರೆ. ತಪ್ಪುಗಳು ಜಾಸ್ತಿ ಆಗುವುದು ಗುಲಾಬಿ ಜೀವಕೋಶದ ಗಡ್ಡೆಗಳಲ್ಲಿ. ಆಂಕೊಸೈಟೋಮಾ ಸೌಮ್ಯ, ಕ್ರೋಮೋಫೋಬ್ ಕ್ಯಾನ್ಸರ್. ಎರಡನ್ನೂ ಕೆಐಟಿ ಮಾರ್ಕರ್ ಬಣ್ಣಿಸುತ್ತದೆ, ಅದರಿಂದ ಬೇರೆ ಮಾಡಲಾಗುವುದಿಲ್ಲ. ನ್ಯೂಕ್ಲಿಯಸ್ ನೋಡಿ. ಆಂಕೊಸೈಟೋಮಾದಲ್ಲಿ ಗುಂಡಗೆ, ಒಂದೇ ಅಳತೆ. ಕ್ರೋಮೋಫೋಬ್‌ನಲ್ಲಿ ಒಣದ್ರಾಕ್ಷಿಯಂತೆ ಸುಕ್ಕು, ಸುತ್ತ ಬಿಳಿ ಉಂಗುರ. ತಿಕೋಟಾ ಕಡೆಯ ಮಣೂಕ ಕಂಡವರಿಗೆ ಈ ಹೋಲಿಕೆ ಮರೆಯುವುದಿಲ್ಲ. ಸಿಕೆ7 ಕ್ರೋಮೋಫೋಬ್‌ನಲ್ಲಿ ಎಲ್ಲ ಕಡೆ ಬರುತ್ತದೆ, ಆಂಕೊಸೈಟೋಮಾದಲ್ಲಿ ಅಲ್ಲೊಂದು ಇಲ್ಲೊಂದು ಜೀವಕೋಶ ಮಾತ್ರ. ಸೂಜಿ ತುಂಡು ಸಣ್ಣದಿದ್ದು ಎರಡರ ನಡುವೆ ನಿಂತುಹೋದರೆ ಹಾಗೆಂದೇ ಬರೆಯಿರಿ.

ಎರಡಕ್ಕೂ ಹೊಂದದಿದ್ದರೆ ಎಸ್‌ಡಿಎಚ್‌ಬಿ ಮಾರ್ಕರ್ ಹಾಕಿಸಿ. ಗಡ್ಡೆಯ ಜೀವಕೋಶಗಳಲ್ಲಿ ಬಣ್ಣ ಹೋಗಿ ಪಕ್ಕದ ರಕ್ತನಾಳದಲ್ಲಿ ಉಳಿದಿದ್ದರೆ ಅದು ಎಸ್‌ಡಿಎಚ್ ಎಂಬ ಎನ್‌ಜೈಮ್ ಕೊರತೆಯ ಗಡ್ಡೆ. ರಕ್ತನಾಳದಲ್ಲೂ ಬಣ್ಣ ಇಲ್ಲದಿದ್ದರೆ ಬಣ್ಣವೇ ಕೆಲಸ ಮಾಡಿಲ್ಲ, ಮತ್ತೆ ಹಾಕಿಸಿ. ಪ್ಯಾಕ್ಸ್8 ನೆಗೆಟಿವ್ ಬಂದು ಎಚ್‌ಎಂಬಿ45 ಪಾಸಿಟಿವ್ ಬಂದರೆ ಆಂಜಿಯೊಮಯೊಲೈಪೋಮಾ. ಕೊಬ್ಬು ಇಲ್ಲದ ಜಾತಿಯದು ಸ್ಕ್ಯಾನ್‌ನಲ್ಲೂ ಸ್ಲೈಡ್‌ನಲ್ಲೂ ಕ್ಯಾನ್ಸರಿನಂತೆ ಕಾಣುತ್ತದೆ. ಈ ಗಡ್ಡೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಹುಟ್ಟಿನಿಂದ ಬರುವ ಕಾಯಿಲೆಯ ಜೊತೆಗೂ ಇರುತ್ತದೆ, ಹೀಗಾಗಿ ರೋಗಿಗೆ ಫಿಟ್ಸ್ ಇದೆಯೇ, ಮೂಗಿನ ಅಕ್ಕಪಕ್ಕ ಗುಳ್ಳೆಗಳಿವೆಯೇ ಎಂದು ಕೇಳಿ.

ಕೇಳಿದರಷ್ಟೇ ಸಿಗುವ ಗಡ್ಡೆಗಳು

ದೊಡ್ಡ ಕೆಂಪು ನ್ಯೂಕ್ಲಿಯೋಲಸ್, ಸುತ್ತ ಬಿಳಿ ಉಂಗುರ. ಇದು ಕಂಡರೆ ಎಫ್‌ಎಚ್ ಮಾರ್ಕರ್ ಹಾಕಿಸಿ. ಎಫ್‌ಎಚ್ ಎಂಬ ಎನ್‌ಜೈಮ್ ಕೊರತೆಯ ಕ್ಯಾನ್ಸರ್ ಬೇಗ ಹರಡುತ್ತದೆ, ಬಹಳ ಸಲ ಮನೆತನದಲ್ಲಿ ಬರುತ್ತದೆ. ಆ ಮನೆಯ ಹೆಣ್ಣುಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಗಡ್ಡೆ ಆಗುತ್ತದೆ. "ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇದೆಯಾ?" ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. "ಅಕ್ಕ-ತಂಗೇರು ಯಾರರ ಗರ್ಭಚೀಲ ತಗಸ್ಯಾರೇನು?" ಎಂದು ಕೇಳಿ. "ಹೌದ್ರಿ, ಇಬ್ಬರೂ ತಗಸ್ಯಾರ್ರಿ" ಎಂಬ ಉತ್ತರ ಅಲ್ಲಿ ಬರುತ್ತದೆ.

ಹರೆಯದ ಹುಡುಗಿ, ಬಿಪಿ 200ರ ಹತ್ತಿರ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ, ಕಿಡ್ನಿಯಲ್ಲಿ ಸಣ್ಣ ಗಡ್ಡೆ. ಇದು ಬಿಪಿ ಏರಿಸುವ ರೆನಿನ್ ಸುರಿಸುವ ಜಕ್ಸ್ಟಾಗ್ಲೊಮೆರುಲರ್ ಗಡ್ಡೆ ಇರಬಹುದು, ಮೊದಲ ವರದಿ 1967ರದು. ಗುಂಡಗಿನ ಸಾದಾ ಜೀವಕೋಶಗಳು, ಸಿಡಿ34 ಪಾಸಿಟಿವ್. ಗಡ್ಡೆ ತೆಗೆದರೆ ಬಿಪಿ ಇಳಿಯುತ್ತದೆ. ಫಾರ್ಮಿನಲ್ಲಿ ಬಿಪಿ ಬರೆದಿಲ್ಲದಿದ್ದರೆ ಸ್ಲೈಡ್ ಒಂದರಿಂದಲೇ ಇದನ್ನು ಹಿಡಿಯುವುದು ಬಹಳ ಕಷ್ಟ.

ನೀಲಿ ಸಣ್ಣ ಜೀವಕೋಶ ಒತ್ತೊತ್ತಾಗಿ ಕೂತ, ಅಪಾಯವಿಲ್ಲದ ಮೆಟಾನೆಫ್ರಿಕ್ ಅಡಿನೋಮಾ ಪ್ಯಾಪಿಲ್ಲರಿ ಕ್ಯಾನ್ಸರಿನಂತೆ ಕಾಣುತ್ತದೆ. ಡಬ್ಲ್ಯೂಟಿ1 ಪಾಸಿಟಿವ್, ಸಿಕೆ7 ನೆಗೆಟಿವ್ ಬಂದರೆ ಅದು ಅಡಿನೋಮಾ. ಕೆಲವರಲ್ಲಿ ಹಿಮೋಗ್ಲೋಬಿನ್ ವಿಪರೀತ ಏರಿರುತ್ತದೆ, ಸಿಬಿಸಿ ಚೀಟಿ ತೆಗೆದು ನೋಡಿ. ಚಿಕ್ಕ ವಯಸ್ಸಿನವರ ಗಡ್ಡೆಯಲ್ಲಿ ಸುಣ್ಣದ ಕಣಗಳಿದ್ದರೆ ಟಿಎಫ್‌ಇ3 ಮಾರ್ಕರ್ ಹಾಕಿಸಿ. ಸಿಕಲ್ ಸೆಲ್ ಅಂಶ ಇರುವ ಯುವಕರ ಕಿಡ್ನಿಯ ನಡುಭಾಗದ ಗಡ್ಡೆಗೆ ಐಎನ್‌ಐ1 ಮಾರ್ಕರ್. ಅದರಲ್ಲಿ ಬಣ್ಣ ಹೋಗಿದ್ದರೆ ಮೆಡುಲ್ಲರಿ ಕ್ಯಾನ್ಸರ್, ಬಹಳ ಕೆಟ್ಟದ್ದು.

ಹಳೆಯ ರಿಪೋರ್ಟ್ ಹಿಡಿದು ಬಂದವರ ವಿಷಯದಲ್ಲೂ ಒಂದು ಮಾತು. "ಕ್ಲಿಯರ್ ಸೆಲ್ ಪ್ಯಾಪಿಲ್ಲರಿ ಕಾರ್ಸಿನೋಮಾ" ಎಂದು ಹಿಂದೆ ಬರೆಯುತ್ತಿದ್ದುದನ್ನು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣದಲ್ಲಿ ಬರೀ "ಟ್ಯೂಮರ್" ಎಂದು ಬದಲಿಸಿದ್ದಾರೆ, ಏಕೆಂದರೆ ಅದು ಹರಡುವುದಿಲ್ಲ ಎಂಬಷ್ಟು ಸೌಮ್ಯ. ಅಂಥ ಚೀಟಿ ಹಿಡಿದು ವರ್ಷಗಳಿಂದ ಹೆದರಿಕೊಂಡಿರುವವರಿಗೆ ಇದನ್ನು ಕೂರಿಸಿಕೊಂಡು ಹೇಳಬೇಕು.

ಬ್ಲಾಕ್ ಬೇರೆ ಕಡೆ ಕಳಿಸುವಾಗ

ಇಷ್ಟೆಲ್ಲ ಮಾರ್ಕರ್ ನಮ್ಮ ಲ್ಯಾಬಿನಲ್ಲಿ ಇಲ್ಲ. ಬ್ಲಾಕ್ ಹೊರಗೆ ಕಳಿಸುತ್ತೇವೆ. ಪ್ಯಾರಾಫಿನ್ 56-60 ಡಿಗ್ರಿಯಲ್ಲಿ ಕರಗುತ್ತದೆ. ಒಂದು ಸಲ ಬಸ್ಸಿನ ಇಂಜಿನ್ ಪಕ್ಕ ಇಟ್ಟು ತಂದ ಬ್ಲಾಕಿನಲ್ಲಿ ಮೇಣ ಹರಿದು ತುಂಡು ಓರೆಯಾಗಿತ್ತು. ಈಗ ಥರ್ಮೋಕೋಲ್ ಡಬ್ಬಿ, ಒಂದು ಐಸ್ ಪ್ಯಾಕ್, ಹಿಂದಿನ ಸೀಟು. ಬ್ಲಾಕ್ ಜೊತೆ ಬಣ್ಣ ಹಾಕಿದ ಸ್ಲೈಡ್‌ಗಳು, ಬಣ್ಣ ಹಾಕದ ಹತ್ತು ಸ್ಲೈಡ್‌ಗಳು, ಹೋಳಿನ ಫೋಟೋ, ಸ್ಕ್ಯಾನ್ ರಿಪೋರ್ಟ್. ಮೇಲೆ ಒಂದು ಹಾಳೆಯಲ್ಲಿ ವಯಸ್ಸು, ಬಿಪಿ, ಶುಗರ್, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ನುಂಗಿದ ಗುಳಿಗೆಗಳು, ಮನೆಯವರ ಕಾಯಿಲೆ. ಪೂರ್ತಿ ಬ್ಲಾಕ್ ಕೊಡುವ ಮೊದಲು ಎರಡು ಸೆಕ್ಷನ್ ತೆಗೆದು ನಮ್ಮ ಹತ್ತಿರ ಇಟ್ಟುಕೊಳ್ಳುತ್ತೇವೆ. ದಾರಿಯಲ್ಲಿ ಡಬ್ಬಿ ಕಳೆದುಹೋದರೆ ಆ ರೋಗಿಗೆ ಉಳಿಯುವುದು ಅವೆರಡೇ.